ಕಿಡ್ನಿ ಕಲ್ಲು: ಲೇಸರ್ ಇದೆಯಾ ಅನ್ನುವ ಮೊದಲು, ದಾರಿ ಯಾವುದು ಅಂತ ಕೇಳಿ

ಪಾಂಡವಪುರ ತಾಲ್ಲೂಕಿನಲ್ಲಿರುವ ನಮ್ಮ ಸೋದರಮಾವನಿಗೆ ಆಲೆಮನೆಯೇ ಜೀವನ. ಗಾಣಕ್ಕೆ ಕಬ್ಬು ಕೊಡೋರು ಒಬ್ಬರು, ಒಲೆಗೆ ಸಿಪ್ಪೆ ಹಾಕೋರು ಇನ್ನೊಬ್ಬರು. ಕೊಪ್ಪರಿಗೆ ಮುಂದೆ ನಿಂತು ಪಾಕದ ಹದ ನೋಡೋದು ಮಾವನ ಕೆಲಸ. ಇಪ್ಪತ್ತು ವರ್ಷ ಆ ಶಾಖದಲ್ಲೇ ನಿಂತಿದ್ದಾರೆ. ಬೆವರು ಸುರಿಯುತ್ತೆ, ನೀರು ಕುಡಿಯೋಕೆ ಬಿಡುವಿರಲ್ಲ. ಒಂದು ರಾತ್ರಿ ಬಲ ಪಕ್ಕೆ ಹಿಡ್ಕೊಂಡು ನೆಲದ ಮೇಲೆ ಹೊರಳಾಡಿದರು. ಸ್ಕ್ಯಾನ್ ಮಾಡಿಸಿದರೆ ಬಲ ಕಿಡ್ನಿಯ ಕೆಳಭಾಗದಲ್ಲಿ 14 ಮಿಲಿಮೀಟರ್ ಕಲ್ಲು.

"ಕುಯ್ಯೋದಾದ್ರೆ ನಾನು ಬರಕ್ಕಿಲ್ಲ ಕಣವ್ವ" ಅಂದರು ಮಾವ. ನಾನು ಮೈಸೂರಿನಲ್ಲಿರೋಳು, ಹಾಗಾಗಿ ವಿಚಾರಿಸುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ಹೊರಗೆ ಕಾಲಿಟ್ಟರೆ ಬೋರ್ಡುಗಳು: ಗಾಯವಿಲ್ಲ, ನೋವಿಲ್ಲ, ಲೇಸರ್ ಚಿಕಿತ್ಸೆ, ಒಂದೇ ದಿನದಲ್ಲಿ ಮನೆಗೆ. ಯಾವುದು ಒಳ್ಳೇದು ಅಂತ ನಾಲ್ಕು ಜನರನ್ನು ಕೇಳಿದೆ. ನಾಲ್ಕು ಉತ್ತರ ಬಂತು. ಆಮೇಲೆ ಅರ್ಥವಾಯಿತು, ನನ್ನ ಪ್ರಶ್ನೆಯೇ ಸರಿ ಇರಲಿಲ್ಲ. ಒಂದಕ್ಕಿಂತ ಒಂದು ಒಳ್ಳೇದು ಅನ್ನುವ ಸಾಲು ಇಲ್ಲಿ ಇಲ್ಲ. ಯಾವ ಕಲ್ಲಿಗೆ ಯಾವುದು ಅನ್ನೋದಷ್ಟೇ ಇದೆ. ಅದು ಮೊದಲೇ ಗೊತ್ತಿದ್ದರೆ ಮಾವನಿಗೆ ಐದು ತಿಂಗಳು ಉಳಿಯುತ್ತಿತ್ತು.

ಮೊದಲು ಲೇಸರ್ ವಿಷಯ ಹೇಳಿಬಿಡ್ತೀನಿ, ಎಲ್ಲರೂ ಎಡವೋದು ಅಲ್ಲೇ. ಲೇಸರ್ ಅಂದರೆ ಟಾರ್ಚ್ ಬಿಟ್ಟ ಹಾಗೆ ಹೊಟ್ಟೆಯ ಹೊರಗಿನಿಂದ ಬಿಟ್ಟರೆ ಕಲ್ಲು ಕರಗಿಹೋಗುತ್ತೆ ಅಂತ ತುಂಬಾ ಜನ ನಂಬಿದ್ದಾರೆ. ನಮ್ಮ ಮನೆಯವರೂ ಹಾಗೇ ಅಂದುಕೊಂಡಿದ್ದರು. ನಿಜವಾಗಿ ಲೇಸರ್ ಒಂದು ಸುತ್ತಿಗೆ. ಕೂದಲಿನಷ್ಟು ತೆಳುವಾದ ಗಾಜಿನ ಎಳೆಯಲ್ಲಿ ಬರುವ ಬೆಳಕು ಕಲ್ಲಿನ ಹತ್ತಿರಕ್ಕೇ ಹೋಗಿ ಅದನ್ನು ಒಡೆಯಬೇಕು. ಸುತ್ತಿಗೆ ಅಲ್ಲಿಗೆ ತಲುಪೋಕೆ ಒಂದು ದಾರಿ ಬೇಕಲ್ವಾ? ಮೂತ್ರದ ದಾರಿಯಲ್ಲಿ ಮೇಲಕ್ಕೆ ಹೋಗುತ್ತಾರಾ, ಬೆನ್ನಿನಲ್ಲಿ ತೂತು ಮಾಡಿ ಹೋಗುತ್ತಾರಾ ಅನ್ನೋದರ ಮೇಲೆ ನೋವು, ಖರ್ಚು, ಅಪಾಯ, ಫಲಿತಾಂಶ ಎಲ್ಲ ಬದಲಾಗುತ್ತೆ. ಎರಡೂ ದಾರಿಯಲ್ಲಿ ಅದೇ ಲೇಸರ್ ಬಳಸಬಹುದು. ಹಾಗಾಗಿ "ಲೇಸರ್ ಮಾಡ್ತೀವಿ" ಅನ್ನುವ ಮಾತಿನಿಂದ ನಮಗೆ ಗೊತ್ತಾಗೋದು ಬಹಳ ಕಡಿಮೆ.

ದಾರಿಗಳು ಮೂರು. ಮೊದಲನೆಯದರಲ್ಲಿ ಮೈಯೊಳಗೆ ಏನೂ ಹೋಗಲ್ಲ, ಹೊರಗಿನಿಂದ ಆಘಾತದ ಅಲೆ ಕೊಟ್ಟು ಕಲ್ಲು ಒಡೆಯುತ್ತಾರೆ. ಅದು ಇಎಸ್‌ಡಬ್ಲ್ಯುಎಲ್. ಎರಡನೆಯದು ಮೂತ್ರದ ದಾರಿ. ದುರ್ಬೀನು, ಅಂದರೆ ಒಳಗೆ ನೋಡುವ ತೆಳ್ಳಗಿನ ಕೊಳವೆ, ಮೂತ್ರಚೀಲ ದಾಟಿ ಮೂತ್ರನಾಳದಲ್ಲಿ ನಿಂತರೆ ಯುಆರ್‌ಎಸ್, ಬಾಗುವ ದುರ್ಬೀನು ಕಿಡ್ನಿಯೊಳಗೇ ಹೋದರೆ ಆರ್‌ಐಆರ್‌ಎಸ್. ಮೂರನೆಯದು ಬೆನ್ನಿನ ದಾರಿ, ಪಿಸಿಎನ್‌ಎಲ್. ಹೊಟ್ಟೆ ಕುಯ್ದು ಕಲ್ಲು ತೆಗೆಯುವ ಹಳೆಯ ಆಪರೇಷನ್ ಈಗ ಬಹಳ ಅಪರೂಪ. ಮಾವ ಹೆದರಿದ್ದು ಅದಕ್ಕೇ. ಅದು ನಲವತ್ತು ವರ್ಷದ ಹಿಂದಿನ ಭಯ.

ಇಎಸ್‌ಡಬ್ಲ್ಯುಎಲ್ ಹುಟ್ಟಿದ ಕಥೆ ನನಗೆ ತುಂಬಾ ಇಷ್ಟ. ಜರ್ಮನಿಯ ಡಾರ್ನಿಯರ್ ಅನ್ನೋದು ಆಗ ವಿಮಾನ ತಯಾರಿಸುತ್ತಿದ್ದ ಕಂಪನಿ. ಅತಿವೇಗದ ವಿಮಾನಕ್ಕೆ ಮಳೆಹನಿ ಬಡಿದಾಗ ಹುಟ್ಟುವ ಆಘಾತದ ಅಲೆಗಳ ಬಗ್ಗೆ ಅಲ್ಲಿ ಅಧ್ಯಯನ ನಡೆದಿತ್ತು. ಅದೇ ಅಲೆಯನ್ನು ಒಂದು ಬಿಂದುವಿಗೆ ಸೇರಿಸಿದರೆ ಮೈಗೆ ಹೆಚ್ಚು ಪೆಟ್ಟಾಗದೆ ಕಲ್ಲು ಮಾತ್ರ ಒಡೆಯಬಹುದು ಅನ್ನುವ ಯೋಚನೆ ಅಲ್ಲಿಂದ ಬಂತು. 1980ರ ಫೆಬ್ರವರಿಯಲ್ಲಿ ಮ್ಯೂನಿಕ್‌ನಲ್ಲಿ ಡಾಕ್ಟರ್ ಕ್ರಿಶ್ಚಿಯನ್ ಚೌಸಿ ಮತ್ತು ಅವರ ತಂಡ ಮೊದಲ ರೋಗಿಗೆ ಈ ಚಿಕಿತ್ಸೆ ಕೊಟ್ಟಿತು. ಆಗ ರೋಗಿಯನ್ನು ನೀರಿನ ತೊಟ್ಟಿಯಲ್ಲಿ ಕೂರಿಸುತ್ತಿದ್ದರು. ಈಗ ಮೇಜಿನ ಮೇಲೆ ಮಲಗಿದರೆ ಸಾಕು, ಪಕ್ಕೆಗೆ ಜೆಲ್ ಹಚ್ಚಿದ ದಿಂಬಿನಂಥ ಭಾಗ ಒತ್ತಿರುತ್ತೆ. ಮುಕ್ಕಾಲು ಗಂಟೆ, ಒಂದು ಗಂಟೆಯಲ್ಲಿ ಎರಡು ಮೂರು ಸಾವಿರ ಪೆಟ್ಟು. ಸಾಮಾನ್ಯವಾಗಿ ನೋವಿನ ಔಷಧಿ ಸಾಕು, ಪೂರ್ತಿ ಅರಿವಳಿಕೆ ಬೇಕಾಗಲ್ಲ. ಸಂಜೆ ಮನೆಗೆ.

ಇಷ್ಟು ಸುಲಭವಾದರೆ ಎಲ್ಲರಿಗೂ ಇದನ್ನೇ ಯಾಕೆ ಮಾಡಲ್ಲ? ಈ ಯಂತ್ರ ಕಲ್ಲು ಒಡೆಯುತ್ತೆ, ಎತ್ತಿ ಹೊರಗೆ ಹಾಕಲ್ಲ. ಒಡೆದ ಚೂರುಗಳು ಮೂತ್ರದ ಜೊತೆ ತಾವಾಗಿಯೇ ಬರಬೇಕು, ಅದಕ್ಕೆ ವಾರಗಳು ಹಿಡಿಯುತ್ತವೆ. ಕಲ್ಲು ಕಿಡ್ನಿಯ ಕೆಳಗಿನ ಬಟ್ಟಲಿನಲ್ಲಿದ್ದರೆ (ಕಿಡ್ನಿಯೊಳಗೆ ಮೂತ್ರ ಬಂದು ಸೇರುವ ಬಟ್ಟಲಿನಂಥ ಜಾಗ) ಚೂರುಗಳು ಮೇಲಕ್ಕೆ ಹತ್ತಿ ಆಮೇಲೆ ಇಳಿಯಬೇಕು. ಮಡಕೆ ತಳದಲ್ಲಿ ಕೂತ ಮರಳಿನ ಹಾಗೆ ಅವು ಅಲ್ಲೇ ಉಳಿದುಬಿಡುತ್ತವೆ. ಕಲ್ಲು ದೊಡ್ಡದಿದ್ದರೆ ಚೂರುಗಳು ಮೂತ್ರನಾಳದಲ್ಲಿ ಸಾಲಾಗಿ ಸಿಕ್ಕಿಕೊಳ್ಳಬಹುದು. ಡಾಕ್ಟರುಗಳು ಇದಕ್ಕೆ 'ಕಲ್ಲಿನ ಬೀದಿ' ಅನ್ನುವ ಅರ್ಥದ ಜರ್ಮನ್ ಹೆಸರನ್ನೇ ಇಟ್ಟಿದ್ದಾರೆ. ಗರ್ಭಿಣಿಯರಿಗೆ ಈ ಚಿಕಿತ್ಸೆ ಕೊಡುವಂತಿಲ್ಲ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳೋರಿಗೆ ಆ ಮಾತ್ರೆ ನಿಲ್ಲಿಸದೆ ಕೊಡುವಂತಿಲ್ಲ.

ಇನ್ನೊಂದು ಮುಖ್ಯ ಸಂಗತಿ ಕಲ್ಲಿನ ಗಟ್ಟಿತನ. ಸಿಟಿ ಸ್ಕ್ಯಾನ್ ರಿಪೋರ್ಟಿನಲ್ಲಿ ಎಚ್‌ಯು ಅಂತ ಒಂದು ಸಂಖ್ಯೆ ಇರುತ್ತೆ. ಅದು ಸುಮಾರು 1000ಕ್ಕಿಂತ ಜಾಸ್ತಿ ಇದ್ದರೆ ಹೊರಗಿನ ಪೆಟ್ಟಿಗೆ ಕಲ್ಲು ಬಗ್ಗೋದು ಕಷ್ಟ. ಚರ್ಮದಿಂದ ಕಲ್ಲಿಗೆ ಇರುವ ದೂರ 10 ಸೆಂಟಿಮೀಟರ್ ದಾಟಿದರೂ, ಅಂದರೆ ದಪ್ಪ ಮೈಯವರಿಗೆ, ಅಲೆ ತಲುಪುವ ಹೊತ್ತಿಗೆ ಶಕ್ತಿ ಕಳೆದುಕೊಂಡಿರುತ್ತೆ.

ಮಾವನ ಕಲ್ಲು 14 ಮಿಲಿಮೀಟರ್, ಇದ್ದದ್ದು ಕೆಳಗಿನ ಬಟ್ಟಲಿನಲ್ಲಿ, ಎಚ್‌ಯು 1250. ಮೂರೂ ಸಂಗತಿ ಇಎಸ್‌ಡಬ್ಲ್ಯುಎಲ್‌ಗೆ ವಿರುದ್ಧವಾಗಿದ್ದವು. ಆದರೂ ಒಂದು ಕಡೆ ಮೂರು ಸಲ ಮಾಡಿದರು. ಕುಯ್ಯಲ್ಲ ಅಂದದ್ದೇ ಸಾಕಾಗಿತ್ತು ನಮಗೆ, ಒಪ್ಪಿಕೊಂಡೆವು. ಮೂರೂ ಸಲ ಮಾವ ಬಸ್ಸಿನಲ್ಲಿ ಬಂದರು, ಕೂಲಿ ಬಿಟ್ಟರು, ದುಡ್ಡು ಕಟ್ಟಿದರು. ಐದನೇ ತಿಂಗಳ ಸ್ಕ್ಯಾನಿನಲ್ಲಿ ಕಲ್ಲು 12 ಮಿಲಿಮೀಟರ್ ಅಂತ ಬಂತು. ರಿಪೋರ್ಟಿನ ಸಂಖ್ಯೆಗಳನ್ನು ಮೊದಲ ದಿನವೇ ಯಾರಾದರೂ ನಮಗೆ ಬಿಡಿಸಿ ಹೇಳಬಹುದಿತ್ತು. ಹೇಳಲಿಲ್ಲ. ನಾನೂ ಕೇಳಲಿಲ್ಲ. ಈ ಲೇಖನ ಬರೆಯೋಕೆ ಕೂತದ್ದೇ ಆ ಸಂಕಟಕ್ಕೆ.

ಹಾಗಂತ ಇಎಸ್‌ಡಬ್ಲ್ಯುಎಲ್ ಹಳೆಯದಾಯಿತು, ಬೇಡ ಅನ್ನೋದು ತಪ್ಪು. ಸರಿಯಾದ ಕಲ್ಲಿಗೆ ಅದು ಈಗಲೂ ಒಳ್ಳೆಯ ಚಿಕಿತ್ಸೆ. ಬ್ರಿಟನ್‌ನಲ್ಲಿ ಮೂತ್ರನಾಳದ ಕಲ್ಲು ಇದ್ದವರ ಮೇಲೆ ಒಂದು ದೊಡ್ಡ ಪ್ರಯೋಗ ನಡೆಯಿತು. ಒಂದು ಗುಂಪಿಗೆ ಮೊದಲು ಎರಡು ಸಲದವರೆಗೆ ಇಎಸ್‌ಡಬ್ಲ್ಯುಎಲ್, ಇನ್ನೊಂದು ಗುಂಪಿಗೆ ನೇರವಾಗಿ ಯುಆರ್‌ಎಸ್. ಆರು ತಿಂಗಳೊಳಗೆ ಮತ್ತೆ ಚಿಕಿತ್ಸೆ ಬೇಕಾದವರು ಮೊದಲ ಗುಂಪಿನಲ್ಲಿ ನೂರಕ್ಕೆ 22, ಎರಡನೆಯದರಲ್ಲಿ ನೂರಕ್ಕೆ 10. ಇದನ್ನು ಎರಡು ರೀತಿ ಓದಬಹುದು. ಯುಆರ್‌ಎಸ್ ಹೆಚ್ಚು ಖಚಿತ, ಅದು ನಿಜ. ಆದರೆ ಇಎಸ್‌ಡಬ್ಲ್ಯುಎಲ್ ಗುಂಪಿನಲ್ಲಿ ನೂರಕ್ಕೆ 78 ಜನ ಆಪರೇಷನ್ ಥಿಯೇಟರಿನ ಮುಖ ನೋಡದೆ ಪಾರಾದರು, ಅದೂ ನಿಜ. ಹೃದಯದ ತೊಂದರೆ ಇದ್ದು ಅರಿವಳಿಕೆ ಅಪಾಯ ಅನ್ನುವವರಿಗೆ ಈ ಎರಡನೇ ಓದು ದೊಡ್ಡ ಸಮಾಧಾನ. ದಿನಗೂಲಿ ಬಿಟ್ಟು ಪದೇಪದೇ ಬರೋಕೆ ಆಗದವರಿಗೆ ಮೊದಲನೇ ಓದೇ ಸರಿ.

ಮೂತ್ರನಾಳದ ಕಲ್ಲಿಗೆ ಯುಆರ್‌ಎಸ್ ಹೇಗೆ ಅನ್ನೋದು ಬೇಗ ಹೇಳಿ ಮುಗಿಸಬಹುದು. ಕೆಳಭಾಗದ ನಾಳದಲ್ಲಿ ಸಿಕ್ಕಿಕೊಂಡ ಕಲ್ಲಿಗೆ, ಅದರಲ್ಲೂ 10 ಮಿಲಿಮೀಟರ್ ದಾಟಿದ್ದರೆ, ಇದೇ ಮೊದಲ ಆಯ್ಕೆ. ಗಾಯ ಇಲ್ಲ. ಒಂದೇ ಸಲಕ್ಕೆ ಕೆಲಸ ಮುಗಿಯುವ ಸಾಧ್ಯತೆ ಜಾಸ್ತಿ. ಕಿಡ್ನಿಯೊಳಗಿನ ಕಲ್ಲಿಗೆ ಹೋಗುವ ಆರ್‌ಐಆರ್‌ಎಸ್ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು, ಯಾಕೆಂದರೆ ಬೋರ್ಡುಗಳಲ್ಲಿ ಲೇಸರ್ ಅಂತ ಬರೆಯೋದು ಹೆಚ್ಚಾಗಿ ಇದನ್ನೇ.

ಆರ್‌ಐಆರ್‌ಎಸ್ ದುರ್ಬೀನು ಸುಮಾರು 3 ಮಿಲಿಮೀಟರ್ ದಪ್ಪ. ತುದಿ ಬಾಗಿ ಹಿಂದಕ್ಕೂ ತಿರುಗುತ್ತೆ, ಹಾಗಾಗಿ ಕಿಡ್ನಿಯ ಹೆಚ್ಚುಕಮ್ಮಿ ಎಲ್ಲ ಮೂಲೆ ನೋಡಬಹುದು. ಅಲ್ಲಿ ಲೇಸರಿನಿಂದ ಕಲ್ಲನ್ನು ಪುಡಿ ಮಾಡುತ್ತಾರೆ, ಇಲ್ಲವೇ ತುಂಡು ಮಾಡಿ ಪುಟ್ಟ ಬುಟ್ಟಿಯಲ್ಲಿ ಹಿಡಿದು ಎಳೆಯುತ್ತಾರೆ. ಬೆಲ್ಲದ ಅಚ್ಚನ್ನು ಒಡೆದು ಎತ್ತಿಡೋದಕ್ಕೂ ಕುಟ್ಟಿ ಪುಡಿ ಮಾಡಿ ಬಿಡೋದಕ್ಕೂ ಇರುವ ವ್ಯತ್ಯಾಸ ಇದು. ಪುಡಿ ಮಾಡಿದರೆ ಆಪರೇಷನ್ ಸಲೀಸು, ಆದರೆ ಪುಡಿ ಒಳಗೇ ಉಳಿಯುತ್ತೆ. ಹೋಲ್ಮಿಯಂ ಲೇಸರ್ ಬಹಳ ವರ್ಷಗಳಿಂದ ಬಳಕೆಯಲ್ಲಿದೆ, ಈಚೆಗೆ ಥುಲಿಯಂ ಲೇಸರ್ ಬಂದಿದೆ. ಥುಲಿಯಂ ಇನ್ನೂ ನಯವಾಗಿ ಪುಡಿ ಮಾಡುತ್ತೆ. ಪುಡಿಯನ್ನು ಹೀರಿಕೊಳ್ಳುವ ಹೊಸ ಕೊಳವೆಗಳೂ ಬಂದಿವೆ. ಉಳಿಯುವ ಚೂರಿನ ಸಮಸ್ಯೆ ಇದರಿಂದ ಕಡಿಮೆಯಾಗುತ್ತಿದೆ.

ಎರಡು ಸೆಂಟಿಮೀಟರಿನವರೆಗಿನ ಕಲ್ಲಿಗೆ ಈ ದಾರಿ ಚೆನ್ನಾಗಿ ಒಗ್ಗುತ್ತೆ. ಅದಕ್ಕಿಂತ ದೊಡ್ಡದಾದರೆ ಸಮಯ ಎಳೆಯುತ್ತೆ. ಒಳಗೆ ನೀರು ಹಾಯಿಸುತ್ತಲೇ ಕೆಲಸ ಮಾಡಬೇಕು, ಆ ನೀರಿನ ಒತ್ತಡ ಕಿಡ್ನಿಯ ಮೇಲೆ ಬೀಳುತ್ತೆ. ಮೂತ್ರದಲ್ಲಿ ಸೋಂಕಿದ್ದರೆ ಅದು ರಕ್ತಕ್ಕೆ ನುಗ್ಗಬಹುದು. ಗಾಯವಿಲ್ಲ ಅಂದಮಾತ್ರಕ್ಕೆ ಅಪಾಯವಿಲ್ಲ ಅಂತಲ್ಲ. ಮೊದಲು ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಿ, ಸೋಂಕಿದ್ದರೆ ವಾಸಿ ಮಾಡಿಕೊಂಡು ಆಮೇಲೆ ಹೋಗಬೇಕು. "ಸುಮ್ನೆ ದಿನ ತಳ್ತಾರೆ" ಅಂತ ಬೇಜಾರು ಪಡಬೇಡಿ, ಆ ಕಾಯುವಿಕೆ ಜೀವ ಉಳಿಸುವಂಥದ್ದು.

ಇನ್ನೊಂದು ಮಾತು. ಕೆಲವರಿಗೆ ಮೂತ್ರನಾಳ ಕಿರಿದಾಗಿರುತ್ತೆ, ದುರ್ಬೀನು ಹತ್ತಲ್ಲ. ಆಗ ಒಳ್ಳೆಯ ಡಾಕ್ಟರು ಬಲವಂತ ಮಾಡದೆ ಒಂದು ಸ್ಟೆಂಟ್ (ನಾಳದೊಳಗೆ ಇಡುವ ಮೆತ್ತನೆಯ ಕೊಳವೆ) ಇಟ್ಟು, ಒಂದೆರಡು ವಾರ ಬಿಟ್ಟು ಬನ್ನಿ ಅನ್ನುತ್ತಾರೆ. ಮಂಡ್ಯದಲ್ಲಿ ನನ್ನ ಗೆಳತಿಯ ಅಣ್ಣ ಹೀಗೆ ವಾಪಸ್ ಬಂದಾಗ ಮನೆಯವರೆಲ್ಲ ಮೋಸ ಆಯ್ತು ಅಂತ ಕೂಗಾಡಿದರು. ಮೋಸ ಅಲ್ಲ ಅದು. ನಾಳ ಹರಿದರೆ ಆಗುವ ಹಾನಿ ಕಲ್ಲಿಗಿಂತ ದೊಡ್ಡದು. ಹೀಗೂ ಆಗಬಹುದು ಅಂತ ಮೊದಲೇ ಹೇಳಿದ್ದರೆ ಆ ಜಗಳವೇ ಇರುತ್ತಿರಲಿಲ್ಲ.

ಇನ್ನು ಬೆನ್ನಿನ ದಾರಿ. ತೂತು ಅಂದ ತಕ್ಷಣ ಎಲ್ಲರೂ ಹಿಂದೆ ಸರಿಯುತ್ತಾರೆ. 1976ರಲ್ಲಿ ಸ್ವೀಡನ್ನಿನ ಫರ್ನ್‌ಸ್ಟ್ರೋಮ್ ಮತ್ತು ಯೊಹಾನ್ಸನ್ ಮೊದಲ ಬಾರಿ ಈ ರೀತಿ ಕಲ್ಲು ತೆಗೆದ ವರದಿ ಕೊಟ್ಟರು. ಎಕ್ಸ್‌ರೇ ಇಲ್ಲವೇ ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿ ಹಾಕಿ, ಆ ದಾರಿಯನ್ನು ನಿಧಾನಕ್ಕೆ ಹಿಗ್ಗಿಸಿ, ದುರ್ಬೀನು ಇಳಿಸಿ ಕಲ್ಲು ಒಡೆದು ಅಲ್ಲೇ ಹೊರಗೆ ತೆಗೆಯುತ್ತಾರೆ. ಸಾಮಾನ್ಯ ಪಿಸಿಎನ್‌ಎಲ್ ತೂತು 8ರಿಂದ 10 ಮಿಲಿಮೀಟರ್ ಅಗಲ. ಮಿನಿ ಪಿಸಿಎನ್‌ಎಲ್‌ನಲ್ಲಿ ಅದು 5, 6 ಮಿಲಿಮೀಟರ್, ಅಂದರೆ ಪೆನ್ಸಿಲಿಗಿಂತ ಸಣ್ಣದು.

ಎರಡು ಸೆಂಟಿಮೀಟರ್ ದಾಟಿದ ಕಲ್ಲಿಗೆ, ಜಿಂಕೆಯ ಕೊಂಬಿನ ಹಾಗೆ ಕಿಡ್ನಿ ತುಂಬ ಕವಲೊಡೆದ ಕಲ್ಲಿಗೆ ಇದೇ ಮೊದಲ ಆಯ್ಕೆ ಅಂತ ಅಮೆರಿಕ, ಯುರೋಪಿನ ಯೂರಾಲಜಿ ಸಂಘಗಳ ಮಾರ್ಗಸೂಚಿಗಳು ಹೇಳುತ್ತವೆ. ಕೆಳಗಿನ ಬಟ್ಟಲಿನಲ್ಲಿ 10ರಿಂದ 20 ಮಿಲಿಮೀಟರ್ ಕಲ್ಲಿದ್ದು ಅದು ಗಟ್ಟಿಯೂ ಆಗಿದ್ದರೆ ಆರ್‌ಐಆರ್‌ಎಸ್ ಅಥವಾ ಪಿಸಿಎನ್‌ಎಲ್ ಕಡೆಗೇ ವಾಲುತ್ತಾರೆ. ಕಲ್ಲು ಚೂರಾಗಿ ತಾನಾಗಿ ಬರಲಿ ಅಂತ ಕಾಯಬೇಕಾಗಿಲ್ಲ, ಅದೇ ಇದರ ದೊಡ್ಡ ಗುಣ.

ಬೆಲೆಯೂ ಇದೆ. 2011ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನ ಪಿಸಿಎನ್‌ಎಲ್ ಆದ 5,800 ರೋಗಿಗಳ ಲೆಕ್ಕ ಇಟ್ಟಿತ್ತು. ನೂರಕ್ಕೆ ಸುಮಾರು 6 ಜನರಿಗೆ ರಕ್ತ ಕೊಡಬೇಕಾಯಿತು, ನೂರಕ್ಕೆ 10 ಜನರಿಗೆ ಜ್ವರ ಬಂತು. ಕಲ್ಲು ಪೂರ್ತಿ ಹೋಗಿದ್ದು ನೂರಕ್ಕೆ 76 ಜನರಿಗೆ. ಈ ಕೊನೆಯ ಸಂಖ್ಯೆಯನ್ನು ನಾನು ಮತ್ತೆ ಮತ್ತೆ ನೋಡಿದೆ. ಮೂರೂ ದಾರಿಯಲ್ಲಿ ಹೆಚ್ಚು ಬಲದ ದಾರಿ ಇದು. ಅದರಲ್ಲೂ ನಾಲ್ಕರಲ್ಲಿ ಒಬ್ಬರಿಗೆ ಚೂರು ಉಳಿಯುತ್ತೆ ಅಂದರೆ, ನೂರಕ್ಕೆ ನೂರು ಗ್ಯಾರಂಟಿ ಅಂತ ಬೋರ್ಡಿನಲ್ಲಿ ಬರೆಯೋಕೆ ಯಾರಿಗೂ ಹಕ್ಕಿಲ್ಲ. ತೂತು ಸಣ್ಣದಾದಷ್ಟೂ ರಕ್ತ ಹೋಗೋದು ಕಡಿಮೆ, ಆದರೆ ಕೆಲಸಕ್ಕೆ ಸಮಯ ಜಾಸ್ತಿ ಬೇಕು.

ಮಾವನಿಗೆ ಕೊನೆಗೆ ಬೇರೊಂದು ಕಡೆ ಮಿನಿ ಪಿಸಿಎನ್‌ಎಲ್ ಆಯಿತು. ಅಲ್ಲಿನ ಡಾಕ್ಟರು ಸಿಟಿ ಫಿಲ್ಮನ್ನು ಬೆಳಕಿಗೆ ಹಿಡಿದು ಹತ್ತು ನಿಮಿಷ ಮಾತಾಡಿದರು. ಕಲ್ಲು ಎಲ್ಲಿದೆ, ಎಷ್ಟು ಗಟ್ಟಿ, ಆರ್‌ಐಆರ್‌ಎಸ್ ಮಾಡಿದರೆ ಏನು, ಇದು ಮಾಡಿದರೆ ಏನು ಅಂತ ಬಿಡಿಸಿ ಹೇಳಿದರು. ಕುಯ್ಯೋದಾದ್ರೆ ಬರಲ್ಲ ಅಂದಿದ್ದ ಮಾವನೇ "ಒಂದೇ ಸಲಕ್ಕೆ ಮುಗಿಸ್ಬುಡಿ ಸಾಮಿ" ಅಂದರು. ಮೂರು ದಿನ ಆಸ್ಪತ್ರೆ, ಎರಡು ವಾರ ಮನೆಯಲ್ಲಿ ವಿಶ್ರಾಂತಿ.

ಯಾವ ದಾರಿಗೂ ಹೋಗಬೇಕಾಗಿಲ್ಲದ ಕಲ್ಲುಗಳೂ ಇವೆ. ಮೂತ್ರನಾಳಕ್ಕೆ ಇಳಿದ 5 ಮಿಲಿಮೀಟರಿಗಿಂತ ಸಣ್ಣ ಕಲ್ಲುಗಳಲ್ಲಿ ಮೂರರಲ್ಲಿ ಎರಡು ತಾವಾಗಿಯೇ ಹೋಗುತ್ತವೆ. 5ರಿಂದ 10 ಮಿಲಿಮೀಟರಿನವು ಅರ್ಧಕ್ಕರ್ಧ. ನೋವು ಹಿಡಿತದಲ್ಲಿದ್ದು, ಸೋಂಕಿಲ್ಲದಿದ್ದರೆ ನಾಲ್ಕರಿಂದ ಆರು ವಾರ ಡಾಕ್ಟರ ಕಣ್ಗಾವಲಿನಲ್ಲಿ ಕಾಯಬಹುದು. ನಾಳ ಸಡಿಲಾಗಲಿ ಅಂತ ಟ್ಯಾಮ್ಸುಲೋಸಿನ್ ಮಾತ್ರೆ ಕೊಡೋದುಂಟು. ನಾಲ್ಕು ಮಿಲಿಮೀಟರ್ ಕಲ್ಲಿಗೆ ನಾಳೆಯೇ ಆಪರೇಷನ್ ಅಂದರೆ ಯಾಕೆ ಅಂತ ಕೇಳಿ. ಯೂರಿಕ್ ಆಸಿಡ್ ಕಲ್ಲುಗಳು ಮಾತ್ರ ಮೂತ್ರದ ಹುಳಿ ಕಡಿಮೆ ಮಾಡುವ ಔಷಧಿಯಿಂದ ಕರಗುತ್ತವೆ. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಯಾವ ಔಷಧಿಗೂ ಕರಗಲ್ಲ. ಬಾಳೆದಿಂಡಿನ ರಸ, ಹುರುಳಿ ಕಟ್ಟು ಕುಡಿದರೆ ನೀರಿನಂಶ ಸೇರುತ್ತೆ, ಅಷ್ಟರಮಟ್ಟಿಗೆ ಒಳ್ಳೇದು. ಆದರೆ 14 ಮಿಲಿಮೀಟರ್ ಕಲ್ಲು ಕರಗುತ್ತೆ ಅಂತ ನಂಬಿಕೊಂಡು ಅದನ್ನೇ ವರ್ಷಗಟ್ಟಲೆ ಕುಡಿಯುತ್ತಾ ಕೂತರೆ ಕಿಡ್ನಿ ಸದ್ದಿಲ್ಲದೆ ಹಾಳಾಗುತ್ತೆ. ನೋವು ನಿಂತಿತು ಅಂದರೆ ಕಲ್ಲು ಹೋಯಿತು ಅಂತ ಅರ್ಥ ಅಲ್ಲ.

ಕಾಯಲೇಬಾರದ ಹೊತ್ತೂ ಇದೆ. ಕಲ್ಲಿನ ನೋವಿನ ಜೊತೆ ಚಳಿಜ್ವರ ಬಂದರೆ, ಮೂತ್ರ ನಿಂತುಹೋದರೆ, ಇರೋದು ಒಂದೇ ಕಿಡ್ನಿಯಾಗಿದ್ದರೆ, ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಮೊದಲು ಕಲ್ಲು ಮುಟ್ಟಲ್ಲ. ಸ್ಟೆಂಟ್ ಹಾಕಿಯೋ ಬೆನ್ನಿನಿಂದ ಕೊಳವೆ ಇಟ್ಟೋ ಕಟ್ಟಿಕೊಂಡ ಮೂತ್ರವನ್ನು, ಕೀವನ್ನು ಹೊರಗೆ ಬಿಡುತ್ತಾರೆ. ಸೋಂಕು ಇಳಿದ ಮೇಲೆ ಕಲ್ಲಿನ ಕೆಲಸ.

ಈ ಸ್ಟೆಂಟಿನ ಬಗ್ಗೆ ಎಲ್ಲರಿಗೂ ಕೈಮುಗಿದು ಹೇಳೋದೊಂದಿದೆ. ಡಿಜೆ ಸ್ಟೆಂಟ್ ಅಂದರೆ ಕಿಡ್ನಿಯಿಂದ ಮೂತ್ರಚೀಲದವರೆಗೆ ಇಡುವ ಮೆತ್ತನೆಯ ಕೊಳವೆ, ಎರಡೂ ತುದಿ ಸುರುಳಿ. ಅದು ಇರುವಷ್ಟು ದಿನ ಪದೇಪದೇ ಮೂತ್ರಕ್ಕೆ ಹೋಗಬೇಕು ಅನಿಸುತ್ತೆ, ಪಕ್ಕೆ ಎಳೆಯುತ್ತೆ, ಜಾಸ್ತಿ ಓಡಾಡಿದರೆ ಮೂತ್ರ ಕೆಂಪಗೆ ಬರುತ್ತೆ. ಇಷ್ಟಕ್ಕೆ ಹೆದರಬೇಕಾಗಿಲ್ಲ. ಹೆದರಬೇಕಾದ್ದು ಅದನ್ನು ಮರೆಯೋದಕ್ಕೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತೆಗೆಸಬೇಕು. ತಿಂಗಳುಗಟ್ಟಲೆ ಬಿಟ್ಟರೆ ಅದರ ಮೇಲೇ ಕಲ್ಲು ಕಟ್ಟುತ್ತೆ. ಆಮೇಲೆ ಅದನ್ನು ತೆಗೆಯೋಕೆ ಮೊದಲಿಗಿಂತ ದೊಡ್ಡ ಆಪರೇಷನ್ ಬೇಕಾಗಬಹುದು. ನೋವು ಹೋಯಿತು, ದುಡ್ಡು ಖರ್ಚಾಯಿತು, ಇನ್ಯಾಕೆ ಅಂತ ವಾಪಸ್ ಹೋಗದವರು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಅತ್ತೆ ಮಾಡಿದ ಉಪಾಯ ಚೆನ್ನಾಗಿತ್ತು. ಹಾಲಿನ ಡೈರಿ ಪುಸ್ತಕದ ರಟ್ಟಿನ ಮೇಲೆ ದೊಡ್ಡದಾಗಿ ತಾರೀಖು ಬರೆದಿಟ್ಟರು. ದಿನಕ್ಕೆರಡು ಸಲ ಕಣ್ಣಿಗೆ ಬೀಳುವ ಪುಸ್ತಕ ಅದು.

ಖರ್ಚಿನ ಮಾತು. ಒಂದು ಸಲದ ಬಿಲ್ಲು ನೋಡಿದರೆ ಇಎಸ್‌ಡಬ್ಲ್ಯುಎಲ್ ಅಗ್ಗ. ಆರ್‌ಐಆರ್‌ಎಸ್ ಸಾಮಾನ್ಯವಾಗಿ ದುಬಾರಿ, ಯಾಕೆಂದರೆ ಆ ಬಾಗುವ ದುರ್ಬೀನು ಸೂಕ್ಷ್ಮ, ಬೇಗ ಹಾಳಾಗುತ್ತೆ. ಕೆಲವು ಕಡೆ ಒಬ್ಬರಿಗೆ ಒಂದೇ ಸಲ ಬಳಸಿ ಬಿಸಾಡುವಂಥದ್ದೂ ಬಂದಿದೆ. ಆದರೆ ಹೋಲಿಸಬೇಕಾದ್ದು ಕಲ್ಲು ಪೂರ್ತಿ ಹೋಗುವವರೆಗಿನ ಲೆಕ್ಕ. ಎಷ್ಟು ಸಲ, ಸ್ಟೆಂಟ್ ತೆಗೆಯೋದು ಅದರಲ್ಲೇ ಸೇರಿದೆಯಾ, ನಡುವಿನ ಸ್ಕ್ಯಾನ್‌ಗಳು ಎಷ್ಟು, ಎಷ್ಟು ದಿನದ ಕೂಲಿ ಹೋಗುತ್ತೆ. ಮಾವನ ಮೂರು ಅಗ್ಗದ ಸಲಗಳು ಸೇರಿ ಕೊನೆಗೆ ದುಬಾರಿಯೇ ಆದವು.

ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ಸರ್ಕಾರಿ ಜಾಗಗಳಲ್ಲಿ ಮೊದಲು ತೋರಿಸೋದರಲ್ಲಿ ಒಂದು ಲಾಭ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದಲ್ಲಿ ನೂರಕ್ಕೆ 30 ಭಾಗವನ್ನು ಸರ್ಕಾರ ಕೊಡುತ್ತೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ತುರ್ತು ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗೋಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಹಾಲಿನ ಸೊಸೈಟಿ, ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಕಾರ್ಡ್ ಮಾಡಿಸಿದ್ದರೆ ಅದನ್ನೂ ಕೇಳಿ ನೋಡಿ. ನಿಮಗೆ ಹೇಳಿರುವ ವಿಧಾನ ಪ್ಯಾಕೇಜಿನಲ್ಲಿದೆಯಾ ಅಂತ ಆಸ್ಪತ್ರೆಯಲ್ಲಿ ಕೂತಿರುವ ಆರೋಗ್ಯ ಮಿತ್ರರನ್ನು ದಾಖಲಾಗುವ ಮೊದಲೇ ಕೇಳಬೇಕು. ದಾಖಲಾದ ಮೇಲೆ ಕೇಳಿದರೆ ನಮ್ಮ ಕೈಯಲ್ಲಿ ಏನೂ ಉಳಿದಿರಲ್ಲ.

ತೆಗೆದ ಕಲ್ಲಿನ ಚೂರನ್ನು ಆಸ್ಪತ್ರೆಯಲ್ಲಿ ಪುಟ್ಟ ಡಬ್ಬಿಗೆ ಹಾಕಿ ಕೊಟ್ಟರು. ಮಾವ ಅದನ್ನು ಊರಿನಲ್ಲಿ ಎಲ್ಲರಿಗೂ ತೋರಿಸಿಕೊಂಡು ಬಂದರು. ಆಮೇಲೆ ಪರೀಕ್ಷೆಗೆ ಕಳಿಸಿದೆವು, ಕ್ಯಾಲ್ಸಿಯಂ ಆಕ್ಸಲೇಟ್ ಅಂತ ಬಂತು. ಅವತ್ತಿನಿಂದ ಅತ್ತೆ ಹಾಲು ನಿಲ್ಲಿಸಿಬಿಟ್ಟಿದ್ದರು. ಕ್ಯಾಲ್ಸಿಯಂ ಅಂದರೆ ಹಾಲು ತಾನೇ ಅಂತ. ಅದು ತಪ್ಪು. 2002ರಲ್ಲಿ ಇಟಲಿಯ ಡಾಕ್ಟರುಗಳು ಐದು ವರ್ಷದ ಅಧ್ಯಯನ ಪ್ರಕಟಿಸಿದರು. ಕ್ಯಾಲ್ಸಿಯಂ ಕಡಿಮೆ ಮಾಡಿದವರಿಗಿಂತ, ಮಾಮೂಲಿನಷ್ಟು ಕ್ಯಾಲ್ಸಿಯಂ ತಗೊಂಡು ಉಪ್ಪು ಮತ್ತು ಮಾಂಸ ಕಡಿಮೆ ಮಾಡಿದವರಿಗೆ ಕಲ್ಲು ಮತ್ತೆ ಬಂದದ್ದು ಕಡಿಮೆ. ಊಟದ ಜೊತೆ ಹೋಗುವ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದಿಡುತ್ತೆ. ಹಾಗಾಗಿ ಮಜ್ಜಿಗೆ ವಾಪಸ್ ಬಂತು, ಉಪ್ಪಿನಕಾಯಿ ಹೋಯಿತು.

ಮಾವನಿಗೆ ಡಾಕ್ಟರು ಕೊಟ್ಟ ಲೆಕ್ಕ ಕುಡಿಯುವ ನೀರಿನದ್ದಲ್ಲ, ಹೊರಗೆ ಹೋಗುವ ಮೂತ್ರದ್ದು. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಬರಬೇಕು. ಫ್ಯಾನ್ ಕೆಳಗೆ ಕೂರುವ ನನಗೆ ಮೂರು ಲೀಟರ್ ಕುಡಿದರೆ ಅಷ್ಟು ಬರುತ್ತೆ. ಕೊಪ್ಪರಿಗೆ ಮುಂದೆ ನಿಲ್ಲುವವರಿಗೆ ಮೂರು ಲೀಟರ್ ಬೆವರಿಗೇ ಸಾಲಲ್ಲ. ಈಗ ಮಾವ ಆಲೆಮನೆಗೆ ಐದು ಲೀಟರಿನ ಕ್ಯಾನ್ ತಗೊಂಡು ಹೋಗುತ್ತಾರೆ, ಸಂಜೆ ಖಾಲಿ ತರುತ್ತಾರೆ. ಜೊತೆಯ ಇಬ್ಬರು ಹುಡುಗರೂ ತಂದಿಟ್ಟುಕೊಳ್ಳೋಕೆ ಶುರು ಮಾಡಿದ್ದಾರೆ. ಆರನೇ ತಿಂಗಳ ಸ್ಕ್ಯಾನಿನಲ್ಲಿ ಬಲ ಕಿಡ್ನಿಯಲ್ಲಿ ಏನೂ ಇರಲಿಲ್ಲ. ಎಡಗಡೆ 3 ಮಿಲಿಮೀಟರಿನ ಒಂದು ಚುಕ್ಕೆ ಇದೆ. ಅದನ್ನು ಮುಟ್ಟೋದು ಬೇಡ, ವರ್ಷಕ್ಕೊಮ್ಮೆ ನೋಡೋಣ ಅಂದಿದ್ದಾರೆ. ಮುಂದಿನ ಸ್ಕ್ಯಾನ್ ದೀಪಾವಳಿ ಕಳೆದ ಮೇಲೆ.